ಮೊಟ್ಟೆ, ಬಾಳೆಹಣ್ಣು ಮತ್ತು ಹರಿಶ್ಚಂದ್ರ

ನೈತಿಕ ಶಿಕ್ಷಣದ ಗಾಳಿ ಮತ್ತೆ ಎದ್ದಿದೆ. ಯಾವ ಪಕ್ಷ ಗದ್ದುಗೆಯಲ್ಲಿದ್ದರೂ ಇದು ನಿಲ್ಲುವ ಗಾಳಿಯಲ್ಲ. 2022ರಲ್ಲಿ ಗುಜರಾತಿನ ಶಾಲೆಗಳಿಗೆ ಭಗವದ್ಗೀತೆ ಬರುತ್ತದಂತೆ ಎಂದ ಕೂಡಲೇ ನಮ್ಮಲ್ಲೂ ಅದೇ ರಾಗ ಶುರುವಾಯಿತು. 2023ರ ಜನವರಿಯಲ್ಲಿ ಆಗಿನ ಶಿಕ್ಷಣ ಸಚಿವರು ಮಠಾಧೀಶರನ್ನೂ ಧರ್ಮಗುರುಗಳನ್ನೂ ದುಂಡು ಮೇಜಿನ ಸುತ್ತ ಕೂರಿಸಿಕೊಂಡು, ಮಕ್ಕಳಿಗೆ ನೀತಿ ಕಲಿಸುವುದು ಹೇಗೆ ಎಂದು ಕೇಳಿದರು. ಸರ್ಕಾರ ಬದಲಾಯಿತು, ಹೊಸಬರೂ ನೀತಿಪಾಠದ ಮಾತು ಬಿಡಲಿಲ್ಲ. ಈಗ ನಮ್ಮ ಸಮಕಾಲೀನ ಪತ್ರಿಕೆಯೊಂದು (ಹೆಸರು ಬೇಡ, ಓದುಗರು ಬಲ್ಲರು) ಇಡೀ ಸಂಪಾದಕೀಯವನ್ನು ಇದಕ್ಕೇ ಮೀಸಲಿಟ್ಟಿದೆ. ಇಂದಿನ ಮಕ್ಕಳ ಎದುರು ಆಯ್ಕೆಗಳು ಹೆಚ್ಚಾಗಿರುವುದೇ ರೋಗವಂತೆ. ಸರಿ ಯಾವುದು, ತಪ್ಪು ಯಾವುದು ಎಂದು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿಸಿಬಿಟ್ಟರೆ ಮುಂದೆ ಆರಿಸಿಕೊಳ್ಳುವ ತಂಟೆಯೇ ಇರುವುದಿಲ್ಲವಂತೆ. ಯಾವನೋ ಪುಢಾರಿ ಹೀಗೆ ಅಂದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇದನ್ನು ಬರೆದವರು ಜೀವಮಾನವೆಲ್ಲ ಕನ್ನಡ ಸಾಹಿತ್ಯ ಪಾಠ ಮಾಡಿದ ಮೇಷ್ಟ್ರು. ಸಿಟ್ಟು ಬಂದದ್ದು ಅದಕ್ಕೆ.

ಆರಿಸಿಕೊಳ್ಳುವ ತಂಟೆ ಇಲ್ಲದ ಕಡೆ ನೀತಿಯೂ ಇಲ್ಲ ಎಂಬುದು ನಮ್ಮ ಪತ್ರಿಕೆಯ ನಿಲುವು. ಕದಿಯಲು ಅವಕಾಶವೇ ಇಲ್ಲದವನನ್ನು ಪ್ರಾಮಾಣಿಕ ಎಂದು ಹೊಗಳಿದರೆ ಅವನಿಗೇ ನಗು ಬರುತ್ತದೆ. ಇನ್ನೊಂದು ದಾರಿ ಕಣ್ಣೆದುರಿಗೇ ತೆರೆದಿದ್ದು, ಅದು ಸಲೀಸಾಗಿಯೂ ಇದ್ದು, ಅದನ್ನು ಬಿಟ್ಟು ನಡೆದವನ ನಡೆಗೆ ಮಾತ್ರ ನೈತಿಕತೆಯ ಲೆಕ್ಕ. ಅವನು ಹಾಗೆ ನಡೆದದ್ದರ ಬೆಲೆ ತೆತ್ತವರು ಯಾರು ಎಂಬುದು ಅದರ ಬೆನ್ನಿಗೇ ಕೇಳಬೇಕಾದ ಪ್ರಶ್ನೆ. ನೀತಿಪಾಠದ ವಕೀಲರು ಯಾವತ್ತೂ ಕೇಳದ ಪ್ರಶ್ನೆಯೂ ಅದೇ.

ಮೊಟ್ಟೆಯ ಜಗಳವನ್ನೇ ನೋಡಿ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು. ಬೇಡವೆನ್ನುವ ಮಗುವಿಗೆ ಬಾಳೆಹಣ್ಣು. ಯಾರ ಬಾಯಿಗೂ ಯಾರೂ ತುರುಕಲಿಲ್ಲ. ಆದರೂ ಕೆಲವು ಮಠಾಧೀಶರು ಹೋರಾಟದ ಎಚ್ಚರಿಕೆ ಕೊಟ್ಟರು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆ ಮಕ್ಕಳೇ ಮುಂದೆ ಬಂದು ಶಾಲೆಯ ಪಂಕ್ತಿಯಲ್ಲಿ ಕೂರುವವರು. ಸ್ವಾಮಿಗಳ ನೀತಿ ಉಳಿಯುವುದು ಸ್ವಾಮಿಗಳಿಗೆ, ಅದಕ್ಕಾಗಿ ಮೊಟ್ಟೆ ಬಿಡಬೇಕಾದದ್ದು ಯಾದಗಿರಿಯ ಮಗು. ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಆಗ, ಬೇಡವೆಂದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಸವಾಲು ಹಾಕಿದಳು. ಅವಳಿಗೆ ವಿನಯವಿಲ್ಲ ಎಂದವರು ಬಹಳ. ನೀತಿಪಾಠದಲ್ಲಿ ವಿನಯಕ್ಕೆ ಅಂಕವಿದೆ, ಹಸಿವಿಗೆ ಇಲ್ಲ.

ಆಮೇಲೆ ಮೊಟ್ಟೆ ರಾಜ್ಯಕ್ಕೆಲ್ಲ ಬಂತು. ಹೆಚ್ಚಿನ ಮಕ್ಕಳು ಅದನ್ನೇ ಆರಿಸಿಕೊಂಡರು. ಹಾಗೆಂದು ಕಥೆ ಮುಗಿಯಲಿಲ್ಲ. 2025ರಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ, ಗುಡಿಯ ಹತ್ತಿರದ ಶಾಲೆಯಲ್ಲಿ ಮೊಟ್ಟೆ ಬೇಯಿಸುವುದಕ್ಕೆ ವಿರೋಧವೆದ್ದು, ಪೋಷಕರು ಟಿಸಿ ತೆಗೆದುಕೊಂಡು ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸಿದರು. ಆರಿಸಿಕೊಂಡವರು ದೊಡ್ಡವರು, ಶಾಲೆ ಬಿಟ್ಟವರು ಚಿಕ್ಕವರು. ಸಾಹಿತ್ಯದವರು ಇದಕ್ಕಿಂತ ಮೇಲು ಎಂದುಕೊಳ್ಳುವ ಹಾಗೂ ಇಲ್ಲ. ಅದೇ ಮಂಡ್ಯದಲ್ಲಿ 2024ರ ಡಿಸೆಂಬರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ನಿಯಮ ಬರೆದವರು ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಸಾಲಿಗೆ ಸೇರಿಸಿದ್ದರು. ಬಾಡೂಟಕ್ಕೆ ಹೆಸರಾದ ಜಿಲ್ಲೆಯ ಜನ ರೇಗಿದ್ದು ಸಹಜ.

ಈಗ ಹರಿಶ್ಚಂದ್ರ. ಕನ್ನಡ ನಾಡಿನಲ್ಲಿ ಯಾವ ನೀತಿಪಾಠವೂ ಅವನನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ರಾಜ್ಯ ಬಿಟ್ಟ, ಹೆಂಡತಿ ಮಗನನ್ನು ಮಾರಿದ, ಸುಡುಗಾಡು ಕಾದ, ಸತ್ಯ ಬಿಡಲಿಲ್ಲ. ಗಾದಿಗೆ ಹತ್ತಿ ತುಂಬಿದ ಹಾಗೆ ಈ ಕಥೆಯನ್ನು ಮಕ್ಕಳ ತಲೆಗೆ ತುಂಬಿದ್ದೇವೆ. ರಾಘವಾಂಕ ಬರೆದದ್ದು ಇಷ್ಟನ್ನೇ ಏನು? ರಾಜ್ಯ ಹೋದದ್ದು ಯಾಕೆ ಎಂಬುದನ್ನು ಎಷ್ಟು ಮೇಷ್ಟರುಗಳು ತರಗತಿಯಲ್ಲಿ ಬಿಡಿಸಿ ಹೇಳಿದ್ದಾರೆ?

ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಗಾನರಾಣಿಯರು ಬೇಟೆಗೆ ಬಂದ ಅರಸನೆದುರು ಹಾಡಿ ಕುಣಿಯುತ್ತಾರೆ. ಅರಸನಿಗೆ ಮೆಚ್ಚಾಗುತ್ತದೆ. ಅವರು ಮುತ್ತಿನ ಸತ್ತಿಗೆ ಕೇಳುತ್ತಾರೆ. ವಂಶದಿಂದ ಬಂದದ್ದು, ಕೊಡಲಾರೆ ಎನ್ನುತ್ತಾನೆ. ಹಾಗಾದರೆ ನಮಗೆ ಗಂಡನಾಗು ಎನ್ನುತ್ತಾರೆ. ಅಲ್ಲಿಗೆ ಅರಸನ ಬಣ್ಣ ಬಯಲಾಗುತ್ತದೆ, ಯಾಕೆಂದರೆ ಅವರು ಕೀಳು ಕುಲದವರು. ಆ ಹುಡುಗಿಯರು ಅಷ್ಟಕ್ಕೆ ಬಿಡುವವರಲ್ಲ. ನಮ್ಮ ಹಾಡು ಕೇಳಿದ ಕಿವಿಗೆ ಮೈಲಿಗೆಯಿಲ್ಲ, ರೂಪ ನೋಡಿದ ಕಣ್ಣಿಗೆ ಇಲ್ಲ, ಮೈಯ ಕಂಪು ಹೀರಿದ ಮೂಗಿಗೂ ಇಲ್ಲ, ಮುಟ್ಟುವುದೊಂದಕ್ಕೆ ಮಾತ್ರ ಯಾವ ಮೈಲಿಗೆ ಎಂಬ ಅರ್ಥ ಬರುವ ವಾದ ಹೂಡುತ್ತಾರೆ. ಹದಿಮೂರನೆಯ ಶತಮಾನದ ಕಾವ್ಯದಲ್ಲಿ, ಇಂದಿನ ಯಾವ ವಿಚಾರ ಸಂಕಿರಣವನ್ನೂ ನಾಚಿಸುವಂಥ ತರ್ಕ ಇದು. ಅರಸನಿಗೆ ಇದಕ್ಕೆ ಮರ್ಯಾದೆಯ ಉತ್ತರ ಹೊಳೆಯುವುದಿಲ್ಲ, ಹೊಡೆದಟ್ಟಿಸುತ್ತಾನೆ. ಮುಂದೆ ವಿಶ್ವಾಮಿತ್ರನೇ ಬಂದು ಇವರನ್ನು ಮದುವೆಯಾಗು ಎಂದು ಹಟ ಹಿಡಿದಾಗ, ಬೇಕಾದರೆ ರಾಜ್ಯವನ್ನೇ ಕೊಟ್ಟೇನು, ಇದೊಂದು ಆಗದು ಎನ್ನುತ್ತಾನೆ. ಕೊಟ್ಟೂ ಬಿಡುತ್ತಾನೆ.

ಅಂದರೆ ಹರಿಶ್ಚಂದ್ರನಿಗೆ ಆಯ್ಕೆ ಇತ್ತು. ಅವನು ಕುಲವನ್ನು ಆರಿಸಿಕೊಂಡ. ಸತ್ಯದ ಹೆಸರಿನಲ್ಲಿ ನಾವು ಕೊಂಡಾಡುವ ಯಾತನೆಯ ಬುಡದಲ್ಲಿ ಜಾತಿಯ ಹಟವಿದೆ. ರಾಘವಾಂಕ ಇದನ್ನು ಮುಚ್ಚಿಡುವ ಕವಿಯಲ್ಲ. ಮುಟ್ಟಲಾರೆ ಎಂದವನನ್ನು ಕಾಶಿಯಲ್ಲಿ ವೀರಬಾಹುವೆಂಬ ಚಂಡಾಲನ ಆಳಾಗಿಸಿ ನಿಲ್ಲಿಸುತ್ತಾನೆ. ಅಷ್ಟು ಹೊತ್ತಿಗೆ ಹೆಂಡತಿ ಚಂದ್ರಮತಿ ಇನ್ನೊಬ್ಬರ ಮನೆಯ ತೊತ್ತಾಗಿದ್ದಾಳೆ. ಮಗ ಲೋಹಿತಾಶ್ವ ಹಾವು ಕಚ್ಚಿ ಸಾಯುವುದೂ ಅದೇ ಜೀತದಲ್ಲಿ. ಅಪ್ಪನ ಸತ್ಯದ ಮೇಲೆ ವಸಿಷ್ಠ ವಿಶ್ವಾಮಿತ್ರರು ಕಟ್ಟಿದ ಪಂತ ಗೊತ್ತಿಲ್ಲದ, ಅವನ ವ್ರತ ಕೇಳಿ ಹುಟ್ಟದ ಆ ಹುಡುಗನಿಗೆ ಯಾವ ಆಯ್ಕೆ ಇತ್ತು? ಕೊನೆಗೆ ಶಿವ ಬಂದು ಎಲ್ಲವನ್ನೂ ಸರಿಮಾಡುವುದು ಕಾವ್ಯದ ಸೌಕರ್ಯ. ಮಕ್ಕಳಿಗೆ ಈ ಕಥೆ ಬೇಡ ಎಂದು ನಾನೆಲ್ಲೂ ಹೇಳುವುದಿಲ್ಲ. ಪೂರ್ತಿ ಹೇಳಿ, ಗಾನರಾಣಿಯರ ವಾದವನ್ನೂ ಸೇರಿಸಿ ಹೇಳಿ, ಆಮೇಲೆ ಮಕ್ಕಳನ್ನೇ ಕೇಳಿ. ಅಷ್ಟು ಧೈರ್ಯ ದುಂಡು ಮೇಜಿನ ಸುತ್ತ ಕೂತ ಯಾರಿಗಿತ್ತು?

ಹರಿಶ್ಚಂದ್ರನಿಗೆ ತದ್ವಿರುದ್ಧವಾಗಿ ನಡೆದ ಒಬ್ಬರು ನಮ್ಮ ಕಾಲದಲ್ಲೇ ಇದ್ದರು. 'ಮಾರ್ಗ'ದ ಮೊದಲ ಸಂಪುಟದ ಬರಹಗಳಿಗಾಗಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಮೇಲೆ 1989ರಲ್ಲಿ ಬಿದ್ದ ಒತ್ತಡ ಎಂಥದ್ದೆಂದು ಹಳಬರಿಗೆ ನೆನಪಿದೆ. ಅವರು ಮಾತು ಹಿಂತೆಗೆದುಕೊಂಡರು. ಮನೆಯವರ ಜೀವ ಉಳಿಸಿಕೊಳ್ಳಲು ಹಾಗೆ ಮಾಡಿದೆ, ಅಂದೇ ನನ್ನ ಬೌದ್ಧಿಕ ಆತ್ಮಹತ್ಯೆಯೂ ಆಯಿತು ಎಂಬ ಅರ್ಥದ ಮಾತನ್ನು ಆಮೇಲೆ ಅವರೇ ಆಡಿದರು. ಒಬ್ಬ ಸತ್ಯಕ್ಕಾಗಿ ಮನೆಯವರನ್ನು ಮಾರಿದ, ಇನ್ನೊಬ್ಬರು ಮನೆಯವರಿಗಾಗಿ ತಾವು ಸತ್ಯವೆಂದು ನಂಬಿದ್ದನ್ನು ಬಿಟ್ಟರು. ಇವರಲ್ಲಿ ಯಾರ ನಡೆ ನೈತಿಕ ಎಂದು ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ಮಾದರಿ ಉತ್ತರ ಬರೆಯುವವರು ಯಾರು? ನನ್ನನ್ನು ಕೇಳಿದರೆ ಕಲಬುರ್ಗಿಯವರ ಕಡೆ ನಿಲ್ಲುತ್ತೇನೆ. ಬಿಟ್ಟದ್ದನ್ನು ಸೋಲೆಂದು ಅವರು ಒಪ್ಪಿಕೊಂಡರು, ಅದಕ್ಕೆ ಪುಣ್ಯದ ಬಣ್ಣ ಬಳಿಯಲಿಲ್ಲ. ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸಲೂ ಇಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆ ಬಾಗಿಲಲ್ಲಿ ನಡೆದ ಅವರ ಕೊಲೆಯನ್ನು ಮತ್ತೆ ಬರೆಯಬೇಕಾಗಿಲ್ಲ.

ಗೀತೆಯವರಿಗೂ ಒಂದು ಮಾತು. ಹದಿನೆಂಟನೆಯ ಅಧ್ಯಾಯದ 63ನೆಯ ಶ್ಲೋಕದಲ್ಲಿ ಕೃಷ್ಣ, ಹೇಳುವುದನ್ನೆಲ್ಲ ಹೇಳಿ, ಇದನ್ನು ಪೂರ್ತಿ ವಿಚಾರ ಮಾಡಿ ನಿನಗೆ ಸರಿಕಂಡಂತೆ ಮಾಡು ಎಂದು ಅರ್ಜುನನಿಗೇ ಬಿಡುತ್ತಾನೆ. ಮೂರು ಶ್ಲೋಕ ದಾಟಿದರೆ ಶರಣಾಗತಿಯ ಮಾತು ಬರುತ್ತದಲ್ಲ ಎಂದು ಪಂಡಿತರು ತಕರಾರು ತೆಗೆಯುತ್ತಾರೆ. ಬರಲಿ. ಬಿಡುಗಡೆ ಕೊಟ್ಟ ಮೇಲೆ ಬಂದ ಕರೆ ಅದು. ನಮ್ಮ ಶಾಲೆಗಳಲ್ಲಿ ಗೀತೆ ಬಂದರೆ ಬರುವುದು ಕಂಠಪಾಠ ಸ್ಪರ್ಧೆಯಾಗಿ, ಮಂಕುತಿಮ್ಮನ ಕಗ್ಗಕ್ಕೆ ಆದ ಹಾಗೆ. ನೂರು ಪದ್ಯ ಉಸಿರು ಬಿಡದೆ ಒಪ್ಪಿಸಿದ ಮಗುವಿಗೆ ಸ್ಟೀಲ್ ಡಬ್ಬಿ ಬಹುಮಾನ. 1970ರಲ್ಲಿ ಕೈಗೆ ಬಂದ ದೊಡ್ಡ ನಿಧಿಯನ್ನು ಗೋಖಲೆ ಸಂಸ್ಥೆಗೆ ಕೊಟ್ಟು ಎದ್ದುಹೋದ ಕಗ್ಗದ ಕವಿ ಡಿ.ವಿ.ಜಿ. ಆ ಸ್ಪರ್ಧೆಗಳಲ್ಲಿ ಎಲ್ಲೂ ಇರುವುದಿಲ್ಲ. ಪೂರ್ಣ ಸರ್ಕಾರಿ ದುಡ್ಡಿನ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂಬ ಸಂವಿಧಾನದ 28ನೆಯ ವಿಧಿಯಂತೂ ಯಾರಿಗೂ ನೆನಪಿಲ್ಲ.

ಆಯ್ಕೆಯ ಪ್ರಶ್ನೆ ನಮ್ಮ ಕಾದಂಬರಿಗಳಲ್ಲೂ ಇದೆ. 1965ರಲ್ಲಿ ಕನ್ನಡಕ್ಕೆ ಅನಂತಮೂರ್ತಿಯವರ 'ಸಂಸ್ಕಾರ'ವೂ ಬಂತು, ಭೈರಪ್ಪನವರ 'ವಂಶವೃಕ್ಷ'ವೂ ಬಂತು. ಎರಡಕ್ಕೂ ಅರವತ್ತು ತುಂಬಿದ ನೆಪದಲ್ಲಿ ಆದ ಗದ್ದಲದಲ್ಲಿ ಒಂದು ಬಣ ಅನಂತಮೂರ್ತಿಯವರನ್ನು ಹೊತ್ತು ಮೆರೆಸಿತು, ಇನ್ನೊಂದು ಭೈರಪ್ಪನವರನ್ನು. ಎರಡು ಪುಸ್ತಕಗಳನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟುಕೊಂಡು ಓದಿದವರನ್ನು ನಾನು ಕಾಣಲಿಲ್ಲ.

'ಸಂಸ್ಕಾರ'ದ ಪ್ರಾಣೇಶಾಚಾರ್ಯರ ದೊಡ್ಡತನವೆಲ್ಲ ನಿಂತಿರುವುದು ರೋಗಿ ಹೆಂಡತಿ ಭಾಗೀರಥಿಯ ಮೇಲೆ. ಮೋಕ್ಷದ ದಾರಿ ಎಂದು ತಿಳಿದೇ ಅವಳನ್ನು ಕೈಹಿಡಿದವರು ಅವರು. ಅವರ ಪುಣ್ಯಕ್ಕೆ ಅವಳ ಕಾಯಿಲೆ ಬೇಕಿತ್ತು. ನಾರಣಪ್ಪನ ಹೆಣ ಕೊಳೆಯುತ್ತಿದ್ದರೂ ಅದನ್ನು ಸುಡಬೇಕಾದವರು ಯಾರೆಂದು ಅವರು ಓಲೆಗರಿ ತಿರುವುತ್ತಾರೆ, ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕೆ ಕಾಯುತ್ತಾರೆ. ಕಾಡಿನಲ್ಲಿ ನಾರಣಪ್ಪನ ಸಂಗಾತಿ ಚಂದ್ರಿಯೊಡನೆ ನಡೆದದ್ದನ್ನು ಆಕಸ್ಮಿಕವೆನ್ನಬೇಕೋ, ನಾನೇ ಬಯಸಿ ಮಾಡಿದೆ ಎನ್ನಬೇಕೋ ಎಂಬ ತೊಳಲಾಟ ಕಾದಂಬರಿಯ ಅರ್ಧ ಭಾಗವನ್ನು ತಿನ್ನುತ್ತದೆ. ವಿಮರ್ಶಕರು ಅಲ್ಲೇ ಬಿಡಾರ ಹೂಡಿದ್ದಾರೆ, ಸಾರ್ತ್ರನ ಹೆಸರು ಹೇಳುತ್ತ ಅರವತ್ತು ವರ್ಷ ಕಳೆದಿದ್ದಾರೆ. ಇತ್ತ ಚಂದ್ರಿ ಏನು ಮಾಡಿದಳು? ಮೊದಲ ದಿನವೇ ಮೈಮೇಲಿನ ಚಿನ್ನ ಬಿಚ್ಚಿಟ್ಟಳು. ಬ್ರಾಹ್ಮಣರು ಆ ಚಿನ್ನಕ್ಕೆ ಜೊಲ್ಲು ಸುರಿಸಿದರು. ಕೊನೆಗೆ ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ಗಾಡಿಯಲ್ಲಿ ಹೆಣ ಸಾಗಿಸಿ, ರಾತ್ರೋರಾತ್ರಿ ಸುಟ್ಟು, ಕುಂದಾಪುರದ ಬಸ್ಸು ಹಿಡಿದಳು. ಯಾವ ಶಾಸ್ತ್ರವನ್ನೂ ಕೇಳಲಿಲ್ಲ, ಮಾಡಿದೆ ಎಂದು ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಇಡೀ ದೂರ್ವಾಸಪುರದಲ್ಲಿ ಮಾಡಬೇಕಾದದ್ದನ್ನು ಮಾಡಿ, ಅದರ ಬೆಲೆಯನ್ನು ತಾನೇ ತೆತ್ತವಳು ಅವಳೊಬ್ಬಳು. ನಮ್ಮ ನೈತಿಕ ಚರ್ಚೆಗೆ ನಾಯಕರಾಗಿ ಆಚಾರ್ಯರೇ ಬೇಕು, ಚಂದ್ರಿ ಸಾಲದು.

'ವಂಶವೃಕ್ಷ'ದ ಶ್ರೀನಿವಾಸ ಶ್ರೋತ್ರಿಯರ ಬಗ್ಗೆ ನನಗೆ ಗೌರವವಿದೆ. ತಮ್ಮ ಹುಟ್ಟಿನ ಗುಟ್ಟು ತಿಳಿದ ಮೇಲೆ ಆಸ್ತಿಯನ್ನು ಬಿಟ್ಟು ಹೊರಡುವ ಆ ನಡೆಗೆ ಯಾವ ಬೋಧನೆಯ ಊರುಗೋಲೂ ಬೇಕಿಲ್ಲ. ಆದರೆ ಭೈರಪ್ಪನವರು ಶ್ರೋತ್ರಿಯರಿಗೆ ಕೊಟ್ಟ ಸ್ವಾತಂತ್ರ್ಯವನ್ನು ಅವರ ಸೊಸೆ ಕಾತ್ಯಾಯಿನಿಗೆ ಕೊಡಲಿಲ್ಲ. ವಿಧವೆ ಮರುಮದುವೆಯಾದಳು, ಸರಿ. ಅವಳ ಬಸಿರು ಮತ್ತೆ ಮತ್ತೆ ಯಾಕೆ ಇಳಿದುಹೋಗಬೇಕು? ಅವಳ ದೇಹವನ್ನೇ ನ್ಯಾಯಾಲಯ ಮಾಡಿ ತೀರ್ಪು ಕೊಟ್ಟವರು ಕಾದಂಬರಿಕಾರರು. ಭೈರಪ್ಪನವರು ತೀರಿಕೊಂಡ ಮೇಲೆ ಈ ಮಾತು ಬೇಕಿತ್ತೇ ಎನ್ನುವವರಿದ್ದಾರೆ. ಕಾದಂಬರಿ ಇನ್ನೂ ಅಂಗಡಿಯಲ್ಲಿದೆ, ಜಗಳವೂ ಇರಲಿ.

ಇನ್ನು ನಮ್ಮ ಸಾಹಿತಿಗಳು. ಆಯ್ಕೆ, ಹೊಣೆಗಾರಿಕೆ, ಅಸ್ತಿತ್ವ ಎಂದು ವೇದಿಕೆಯಲ್ಲಿ ಗಂಟೆಗಟ್ಟಲೆ ಮಾತಾಡಿ, ಸರ್ಕಾರ ಬದಲಾದ ವಾರವೇ ಅಕಾಡೆಮಿ ಕುರ್ಚಿಗೆ ಬಯೋಡೇಟಾ ಕಳಿಸುವವರು. ಕೇಳಿದರೆ ಪರಿಸ್ಥಿತಿ ಹಾಗೆ ಬಂತು, ಎಲ್ಲರೂ ಒತ್ತಾಯ ಮಾಡಿದರು ಎನ್ನುತ್ತಾರೆ. ಪ್ರಾಣೇಶಾಚಾರ್ಯರು ಈ ನೆಪಕ್ಕೆ ಪುಟಗಟ್ಟಲೆ ನಾಚಿದ್ದರು. ಇವರು ಅಭಿನಂದನಾ ಸಮಾರಂಭ ಇಟ್ಟುಕೊಳ್ಳುತ್ತಾರೆ.

ಈ ಸಂಚಿಕೆಯ ವಸ್ತು 'ಆಯ್ಕೆ'. ಲೇಖನಗಳು ಒಳಗಿವೆ, ನನ್ನೊಡನೆ ಒಪ್ಪದವೂ ಇವೆ. ಸಮಕಾಲೀನ ಪತ್ರಿಕೆಯ ಮೇಷ್ಟ್ರು ಉತ್ತರ ಬರೆಯುವುದಿದ್ದರೆ ಗಾನರಾಣಿಯರ ಬಗ್ಗೆ, ಇಲ್ಲವೇ ಚಂದ್ರಿಯ ಬಗ್ಗೆ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಬೇಕಾದಷ್ಟು ಪುಟ ಕೊಡುತ್ತೇವೆ, ಒಂದಕ್ಷರವನ್ನೂ ಕತ್ತರಿಸುವುದಿಲ್ಲ. ಕಗ್ಗದ ಪದ್ಯಗಳನ್ನು ಮಾತ್ರ ಕಳಿಸುವುದು ಬೇಡ, ನಮ್ಮ ಹತ್ತಿರ ಪುಸ್ತಕವಿದೆ.