ಅಂಗನವಾಡಿ ಗೋಡೆಯ ಸಮುದ್ರ ಮತ್ತು ಕೆಳಗಿನ ಮೂರಡಿ

ಈಗ ಎಷ್ಟೋ ಊರುಗಳ ಅಂಗನವಾಡಿ ಗೋಡೆ ಮೇಲೆ ಸಮುದ್ರ ಬಂದಿದೆ. ನೀಲಿ ನೀರು, ನಗುವ ಡಾಲ್ಫಿನ್, ಎಂಟು ಕೈಯ ಆಕ್ಟೋಪಸ್. ಕೆರೆ ಒಣಗಿ ನಿಂತ ಬಯಲುಸೀಮೆಯ ಊರಲ್ಲೂ ಗೋಡೆ ಮೇಲೆ ತಿಮಿಂಗಿಲ ಈಜುತ್ತಿದೆ. ನಮಗಿದು ಖುಷಿಯೇ. ಪೇಟೆಯಲ್ಲಿ ಅನುಕೂಲ ಇದ್ದವರು ಕೂಸಿಗೆಂದೇ ಒಂದು ಕೋಣೆ ಮಾಡಿ ಇಂಥ ಚಿತ್ರ ಬರೆಸುತ್ತಾರೆ. ನಮ್ಮ ಮಕ್ಕಳಿಗೆ ಆ ಕೋಣೆ ಅಂದರೆ ಅಂಗನವಾಡಿಯೇ ತಾನೆ?

ಆದರೆ ಮೊನ್ನೆ ಒಂದೂರಿನ ಅಂಗನವಾಡಿಗೆ ಹೋದಾಗ ನಾವು ಮಕ್ಕಳ ಜೊತೆ ನೆಲದ ಮೇಲೆ ಕೂತೆವು. ಕೂತು ನೋಡಿದರೆ ಸಮುದ್ರವೇ ಇಲ್ಲ! ಕಣ್ಣೆದುರು ಇದ್ದಿದ್ದು ಕಂದು ಬಣ್ಣದ ಆಯಿಲ್ ಪೇಂಟ್ ಪಟ್ಟಿ. ಮೀನೆಲ್ಲ ನಾಲ್ಕಡಿ ಮೇಲೆ, ಉದ್ಘಾಟನೆಗೆ ಬಂದವರ ಫೋಟೊಗೆ ಸರಿಹೋಗುವ ಎತ್ತರದಲ್ಲಿ. (ದಾನಿಗಳ ಹೆಸರು ತಿಮಿಂಗಿಲಕ್ಕಿಂತ ದಪ್ಪಗಿತ್ತು, ಅದಿರಲಿ ಬಿಡಿ.) ಆಕ್ಟೋಪಸ್ ತೋರಿಸಿ "ಇದೇನು ಪುಟ್ಟಿ?" ಅಂತ ಕೇಳಿದರೆ, "ಜೇಡ" ಅಂದಳು.

ಮೂರು ವರ್ಷದ ಮಗು ನಿಂತರೆ ಸುಮಾರು ಮೂರಡಿ. ಅದರ ಗೋಡೆ ಅಂದರೆ ಆ ಕೆಳಗಿನ ಪಟ್ಟಿ ಮಾತ್ರ. ಅಲ್ಲೇ ಒರಗುತ್ತದೆ, ಅಲ್ಲೇ ಉಗುರಲ್ಲಿ ಕೆರೆಯುತ್ತದೆ, ಎದ್ದ ಚಕ್ಕೆಯನ್ನು ಬಾಯಿಗೂ ಹಾಕಿಕೊಳ್ಳುತ್ತದೆ. ನಾವು ನೋಡಿದ ಪಟ್ಟಿ ಅಲ್ಲಲ್ಲಿ ಚಕ್ಕೆ ಎದ್ದಿತ್ತು, ಒಳಗಿನಿಂದ ಹಳೇ ಹಳದಿ ಬಣ್ಣ ಇಣುಕುತ್ತಿತ್ತು. ಒರೆಸಿದರೆ ಕೊಳೆ ಹೋಗುತ್ತದೆ ಎಂದೇ ಅಲ್ಲಿ ಆಯಿಲ್ ಪೇಂಟ್ ಹೊಡೆಸುವುದು. ಅದರಲ್ಲಿ ಟೀಚರಮ್ಮನ ತಪ್ಪೇನಿಲ್ಲ. ಆದರೆ ಹಳೆಯ ಆಯಿಲ್ ಪೇಂಟ್‌ಗಳಲ್ಲಿ, ಅದರಲ್ಲೂ ಹಳದಿ ಮತ್ತು ಕೆಂಪಿನಲ್ಲಿ, ಸೀಸ ಹೆಚ್ಚಾಗಿರುತ್ತಿತ್ತು. ಸೀಸ ಮಕ್ಕಳ ಮಿದುಳಿಗೆ ಏಟು ಕೊಡುತ್ತದೆ, ಕಲಿಕೆಯನ್ನು ಹಿಂದಕ್ಕೆ ಎಳೆಯುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೈಯಲ್ಲಿ ಕಬ್ಬಿಣದ ಅಂಶ, ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳ ದೇಹ ಸೀಸವನ್ನು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ. ಮೊಟ್ಟೆ, ಹಾಲು ಕೊಟ್ಟು ಗಟ್ಟಿ ಮಾಡಬೇಕು ಅಂತ ನಾವು ಅಂಗನವಾಡಿಗೆ ಕಳಿಸುವುದು ಇದೇ ಮಕ್ಕಳನ್ನಲ್ಲವೇ?

ಕಾನೂನು ಇದೆ. ಮನೆಗೆ ಬಳಸುವ ಪೇಂಟ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರ್ 1ರಿಂದ ಅದು ಜಾರಿಯಲ್ಲಿದೆ. ಡಬ್ಬದ ಮೇಲೆ ಅದನ್ನು ಬರೆದಿರಲೇಬೇಕು. ಆದರೆ ಈ ನಿಯಮ ಯಂತ್ರ, ವಾಹನಗಳಿಗೆ ಹೊಡೆಯುವ ಪೇಂಟ್‌ಗೆ ಅನ್ವಯಿಸುವುದಿಲ್ಲ. ಹಾಗಾಗಿ ಟ್ರ್ಯಾಕ್ಟರ್ ಟ್ರೈಲರ್‌ಗೆ ಬಳಿದು ಉಳಿದ ಡಬ್ಬವನ್ನು "ಅಂಗನವಾಡಿಗೆ ಆಗುತ್ತೆ ತಗೊಳ್ಳಿ" ಅಂತ ಯಾರಾದರೂ ಕೊಟ್ಟರೆ, ಕೈಮುಗಿದು ವಾಪಸ್ ಕಳಿಸಿ.

ಹೊಸ ಚಿತ್ರ ಬರೆಸುವ ಮುಂಚೆ ಹಳೇ ಚಕ್ಕೆ ತೆಗೆಯಬೇಕಲ್ಲ, ಅಪಾಯ ಇರುವುದು ಅಲ್ಲೇ. ಒಣ ಗೋಡೆಯನ್ನು ಉಜ್ಜುಕಾಗದದಿಂದ ಉಜ್ಜಿದರೆ ಧೂಳು ಅಡುಗೆ ಪಾತ್ರೆವರೆಗೂ ಹೋಗುತ್ತದೆ. ಮಕ್ಕಳಿಗೆ ರಜೆ ಇದ್ದಾಗ, ಗೋಡೆಗೆ ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಬೇಕು. ಚಕ್ಕೆಯನ್ನೆಲ್ಲ ಚೀಲದಲ್ಲಿ ಕಟ್ಟಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಬೇಕು. ಪಂಚಾಯಿತಿಯವರು ಬಿಲ್ ಮಾಡುವಾಗ ಈ ಕೆಲಸಕ್ಕೂ ಒಂದು ದಿನದ ಕೂಲಿ ಸೇರಿಸಲಿ.

ಇನ್ನು ಚಿತ್ರ. ಮೊಬೈಲಲ್ಲಿ ಹುಡುಕಿದ ಯಾವುದೋ ಕಾರ್ಟೂನ್ ಕಡಲೇ ಯಾಕೆ? ನಮ್ಮ ರಾಜ್ಯಕ್ಕೇ ಮುನ್ನೂರು ಕಿಲೋಮೀಟರ್ ಮೀರಿದ ಕರಾವಳಿ ಇದೆ. ಬಂಗುಡೆ, ಬೂತಾಯಿ, ಅಂಜಲ್ ಬರೆಸಿ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಮರಳಿಗೆ ಬಂದು ಮೊಟ್ಟೆ ಇಡುವ ಕಡಲಾಮೆ ಬರೆಸಿ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ ಬರೆಸಿ. ಆಕ್ಟೋಪಸ್ಸೂ ಇರಲಿ, ಪುಟ್ಟಿಗೆ ಅದು ಜೇಡ ಅಲ್ಲ ಅಂತ ಗೊತ್ತಾಗಲಿ. ಎಲ್ಲವೂ ಆ ಮೂರಡಿಯೊಳಗೇ ಬರಲಿ.

ಅದೇ ಅಂಗನವಾಡಿಗೆ ಮುಂದಿನ ತಿಂಗಳು ಮತ್ತೆ ಬಣ್ಣ ಹೊಡೆಸುತ್ತಾರಂತೆ. ಅಳತೆಗೆ ಬಂದಿದ್ದ ಪೇಂಟರ್ ಅಣ್ಣನಿಗೆ ಇದನ್ನೆಲ್ಲ ಹೇಳಿದೆವು. "ಅಷ್ಟು ಕೆಳಗೆ ಬರೀಬೇಕಂದ್ರೆ ಸೊಂಟ ಬಿದ್ದೋಗುತ್ತೆ ಸಾರ್" ಅಂದರು. ಆಯಮ್ಮ ಒಳಗಿನಿಂದಲೇ ಕೂಗಿದರು: "ಮಣೆ ಕೊಡ್ತೀನಿ, ಕೂತ್ಕೊಂಡು ಬರಿಯಪ್ಪ."