ತೋಮನ ಎಂಟು ದಿನ

ನಮ್ಮ ಮಧುರೆ ಅಂದರೆ ಜನಕ್ಕೆ ಮೊದಲು ನೆನಪಾಗೋದು ಶನಿಮಹಾತ್ಮನ ಗುಡಿ. ಶನಿವಾರ ಬಂತೆಂದರೆ ಬಸ್ಸು, ಕಾರುಗಳ ಸಾಲು, ಎಳ್ಳೆಣ್ಣೆ ದೀಪದ ವಾಸನೆ. ಮಾರನೇ ದಿನ ನಮ್ಮ ಮನೆಯವರು ಬೈಬಲ್ ಹಿಡಿದು ಆರಾಧನೆಗೆಂದು ದೊಡ್ಡಬಳ್ಳಾಪುರದ ಕಡೆ ಹೊರಡುತ್ತೇವೆ. ಊರಲ್ಲಿ ಯಾರೂ ನನ್ನ ನಂಬಿಕೆಯನ್ನು ಪ್ರಶ್ನೆ ಮಾಡಿದ್ದಿಲ್ಲ. ಮಾಡಿದ್ದು ಆಫೀಸಿನ ಗೆಳೆಯ. "ಎಲ್ಲದಕ್ಕೂ ಲಾಗ್ ತೋರಿಸು ಅಂತೀಯಲ್ಲ, ನಿನ್ನ ದೇವರಿಗೆ ಲಾಗ್ ಎಲ್ಲಿದೆ ಮಾರಾಯ?" ಅಂದ. ನಕ್ಕುಬಿಟ್ಟೆ. ಅಂಥ ಮಾತಿಗೆಲ್ಲ ನಿದ್ದೆ ಕೆಡೋದಿಲ್ಲ.

ನಿದ್ದೆ ಕೆಟ್ಟಿದ್ದು ಅಪ್ಪ ಹೋದಾಗ. ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್. ಸಭೆಯವರೆಲ್ಲ ಉಪವಾಸ ಇದ್ದು ಪ್ರಾರ್ಥನೆ ಮಾಡಿದರು. ಅಪ್ಪ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಹಿರಿಯರೊಬ್ಬರು, ಮನೆಯಲ್ಲಿ ಯಾರದೋ ನಂಬಿಕೆ ಕಮ್ಮಿ ಇದ್ದಿರಬೇಕು ಅಂದರು. ಅಮ್ಮನ ಮುಖ ನೋಡಲಾಗಲಿಲ್ಲ. ಆವತ್ತಿನಿಂದ ಪ್ರಾರ್ಥನೆಗೆ ಕೂತರೆ ಗೋಡೆ ಜೊತೆ ಮಾತಾಡಿದ ಹಾಗೆ ಆಗುತ್ತಿತ್ತು. ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರಾ?

ಕೊನೆಗೆ ನಮ್ಮ ಅಯ್ಯನವರ ಹತ್ತಿರ ಹೋಗಿ, "ಅಯ್ಯನವರೇ, ದೇವರು ಯಾಕೆ ಕೇಳಲಿಲ್ಲ?" ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನನಗೂ ಗೊತ್ತಿಲ್ಲಪ್ಪ" ಅಂದರು. ಆಮೇಲೆ 88ನೇ ಕೀರ್ತನೆ ಓದು ಅಂದರು. ಓದಿ ಬೆಚ್ಚಿದೆ. ಬೇರೆ ಎಷ್ಟೋ ಕೀರ್ತನೆಗಳು ಗೋಳಿನಿಂದ ಶುರುವಾಗಿ ಸ್ತೋತ್ರದಲ್ಲಿ ಮುಗಿಯುತ್ತವೆ. ಇದು ಕತ್ತಲೆಯಲ್ಲೇ ನಿಂತುಬಿಡುತ್ತದೆ. ದೇವರ ಮೇಲಿನ ದೂರನ್ನು ದೇವರ ಪುಸ್ತಕದಿಂದ ಯಾರೂ ಅಳಿಸಿಲ್ಲ!

ಆಮೇಲೆ ಯೋಹಾನನ ಸುವಾರ್ತೆಯ 20ನೇ ಅಧ್ಯಾಯ. ಸಂಶಯದ ತೋಮ ಅಂತ ಅವನಿಗೆ ಅಡ್ಡಹೆಸರೇ ಬಿದ್ದಿದೆ, ಪಾಪ. ಗಾಯ ಮುಟ್ಟಿ ನೋಡದೆ ನಂಬಲ್ಲ ಅಂದವನು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಯೇಸು ಮತ್ತೆ ಬರೋದು ಎಂಟು ದಿನ ಆದಮೇಲೆ. ಬಂದಾಗ ತೋಮ ಅದೇ ಮನೆಯಲ್ಲಿ, ಅದೇ ಶಿಷ್ಯರ ಜೊತೆ ಇದ್ದಾನೆ. ನಂಬಿದವರು ಅವನನ್ನು ಆಚೆ ಹಾಕಲಿಲ್ಲ, ಅವನೂ ಮುನಿಸಿಕೊಂಡು ಹೊರಟುಹೋಗಲಿಲ್ಲ. ಮುಟ್ಟು ಅಂತ ಯೇಸುವೇ ಕರೆಯುತ್ತಾನೆ. ತೋಮ ಮುಟ್ಟಿದ ಅಂತ ಮಾತ್ರ ಅಲ್ಲಿ ಬರೆದಿಲ್ಲ. ನಾನೂ ಹಾಗೇ ಮಾಡಿದೆ. ಹಾಡಲು ಬಾಯಿ ಬರದ ಭಾನುವಾರಗಳಲ್ಲೂ ಅಮ್ಮನ ಪಕ್ಕ ಹೋಗಿ ಕೂತೆ.

ನಮ್ಮ ನಾಡಲ್ಲೇ ಉತ್ತಂಗಿ ಚನ್ನಪ್ಪನವರಿದ್ದರು (1881–1962). ಬಾಸೆಲ್ ಮಿಶನ್ನಿನ ಪಾದ್ರಿ. ಸಭೆ ನೋಡಿಕೊಳ್ಳುತ್ತಲೇ ಊರೂರು ಅಲೆದು ಸರ್ವಜ್ಞನ ವಚನ ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. ಸರ್ವಜ್ಞ ಯಾರು? ಜಾತಿ, ಡಂಭ, ಬೂಟಾಟಿಕೆ ಯಾವುದನ್ನೂ ಬಿಡದೆ ಕುಟುಕಿದವನು. ಅಂಥವನನ್ನು ಒಬ್ಬ ಪಾದ್ರಿ ತಲೆಮೇಲೆ ಹೊತ್ತು ತಿರುಗಿದರು. ಅವರ ಇನ್ನೊಂದು ಪುಸ್ತಕದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಹೆಸರು ಗಮನಿಸಿ, ಅಪ್ಪಣೆ ಅಲ್ಲ, ವಿನಂತಿ. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪ್ರಶ್ನೆ ಕೇಳುವವನ ಮಾತಿಗೆ ಹೆದರದ ಆ ನಂಬಿಕೆ ನನಗೆ ಇಷ್ಟ.

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಎಷ್ಟೋ ಜನಕ್ಕೆ ಆಘಾತ. ಹತ್ತಾರು ವರ್ಷ ದೇವರು ಹತ್ತಿರ ಇದ್ದಾನೆ ಅಂತಲೇ ಅವರಿಗೆ ಅನ್ನಿಸಿರಲಿಲ್ಲವಂತೆ. ಆದರೂ ಬೆಳಗಾದರೆ ರೋಗಿಗಳ ಹತ್ತಿರ ಹೋಗುತ್ತಿದ್ದರು. 2016ರಲ್ಲಿ ಸಭೆ ಅವರನ್ನು ಸಂತರೆಂದು ಸಾರಿತು.

ಅಪ್ಪನ ವಿಷಯಕ್ಕೆ ಉತ್ತರ ಸಿಕ್ಕಿತಾ ಅಂದರೆ, ಇಲ್ಲ. ಪ್ರಾರ್ಥನೆ ಮಾತ್ರ ವಾಪಸ್ ಬಂದಿದೆ, ಸ್ವಲ್ಪ ಜಗಳದ ಧಾಟಿಯಲ್ಲಿ. ಡಯಾಲಿಸಿಸ್ ಮಾಡಿಸುವ ನಮ್ಮ ಸಭೆಯ ಒಬ್ಬರನ್ನು ಶನಿವಾರಗಳಲ್ಲಿ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಆ ನಾಲ್ಕು ಗಂಟೆ ಏನು ಮಾತಾಡಬಾರದು ಅಂತ ನನಗೆ ಚೆನ್ನಾಗಿ ಗೊತ್ತು.

ಭಾನುವಾರ ಆರಾಧನೆ ಆದಮೇಲೆ ಯುವಕ ಯುವತಿಯರನ್ನು ಕೂರಿಸಿಕೊಂಡು ಬೈಬಲ್ ಓದುತ್ತೇವೆ. ಈ ವಾರ ಆದಿಕಾಂಡದ ಮೊದಲ ಅಧ್ಯಾಯ. ಸೆಕೆಂಡ್ ಪಿಯುಸಿ ಸೈನ್ಸ್ ಓದೋ ಹುಡುಗಿಯೊಬ್ಬಳು, "ಅಣ್ಣಾ, ಡೈನೋಸಾರ್ ಬಗ್ಗೆ ಕೇಳಬಹುದಾ?" ಅಂದಳು. ಕೇಳಮ್ಮ ಅಂದಿದ್ದೇನೆ. ಒಂದು ಪುಟ ತುಂಬಾ ಬರಕೊಂಡು ಬರ್ತಾಳಂತೆ.