ಫಿಶ್ ಅಂದ್ರೆ ಡೆಡ್‌ನ ಕಾಪಿ ಅಲ್ಲ ಗುರು

ಜಾಮ್ ಬ್ಯಾಂಡ್ ಸರಣಿ, ಕಂತು 4

"ಗ್ರೇಟ್‌ಫುಲ್ ಡೆಡ್ ಕೇಳಿದ್ಮೇಲೆ ಫಿಶ್ ಯಾಕೋ? ಬರೀ ಕಾಪಿ." ಮೊನ್ನೆ ಕ್ಯಾಂಟೀನಲ್ಲಿ ಗೆಳೆಯನೊಬ್ಬ ಹೇಳಿದ. ಹೋದ ವರ್ಷ ನಾನೂ ಇದನ್ನೇ ಹೇಳ್ತಿದ್ದೆ. ಆಗ ಫಿಶ್‌ದು ಒಂದು ಹಾಡೂ ಪೂರ್ತಿ ಕೇಳಿರ್ಲಿಲ್ಲ ಅನ್ನೋದು ಬೇರೆ ಮಾತು.

ಮೇಲ್ನೋಟಕ್ಕೆ ಎರಡೂ ಒಂದೇ ಥರ. ಎರಡೂ ಅಮೆರಿಕದ ಬ್ಯಾಂಡ್. ವೇದಿಕೆ ಮೇಲೆ ಒಂದು ಹಾಡನ್ನ ಇಪ್ಪತ್ತು ನಿಮಿಷ ಬೆಳೆಸ್ತಾರೆ. ಅಭಿಮಾನಿಗಳು ಊರಿಂದೂರಿಗೆ ಹಿಂದೇನೇ ಹೋಗ್ತಾರೆ. ಆದ್ರೆ ಬೇರು ನೋಡಿ.

ಡೆಡ್ ಶುರುವಾಗಿದ್ದು 1965ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಜೆರ್ರಿ ಗಾರ್ಸಿಯಾ ಬ್ಯಾಂಜೊ ಹಿಡಿದು ಬ್ಲೂಗ್ರಾಸ್ ನುಡಿಸ್ತಿದ್ದವರು. ಪಿಗ್‌ಪೆನ್‌ಗೆ ಬ್ಲೂಸ್ ಹುಚ್ಚು. ಕೈಯಲ್ಲಿದ್ದಿದ್ದು ಸರಳ ಹಾಡು, ಅದನ್ನ ಬಿಚ್ತಾ ಹೋದ್ರು. ‘ಡಾರ್ಕ್ ಸ್ಟಾರ್’ 1968ರ ಸಿಂಗಲ್‌ನಲ್ಲಿ ಮೂರು ನಿಮಿಷಾನೂ ಇಲ್ಲ. ಮುಂದಿನ ವರ್ಷದ ‘ಲೈವ್ ಡೆಡ್’ ಆಲ್ಬಮ್‌ನಲ್ಲಿ ಅದೇ ಹಾಡು 23 ನಿಮಿಷ!

ಫಿಶ್ ಹುಟ್ಟಿದ್ದು 1983ರಲ್ಲಿ, ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ. ನಮ್ ಥರಾನೇ ಕಾಲೇಜ್ ಹುಡುಗರು. ಟ್ರೇ ಅನಸ್ಟಾಸಿಯೊ ಎರ್ನಿ ಸ್ಟೈರ್ಸ್ ಹತ್ರ ಸಂಗೀತ ರಚನೆ ಕಲಿತವರು. ‘ಯು ಎಂಜಾಯ್ ಮೈಸೆಲ್ಫ್’ ಕೇಳಿ. ಮೊದಲ ಕೆಲವು ನಿಮಿಷ ಲೆಕ್ಕ ಹಾಕಿ ಬರೆದಿಟ್ಟಿದ್ದು, ಒಬ್ಬ ತಪ್ಪಿದ್ರೂ ಗೊತ್ತಾಗುತ್ತೆ. ಅದು ದಾಟಿದ್ಮೇಲೇ ಆಟ. ವೇದಿಕೆಯಲ್ಲಾದ್ರೆ ಗಿಟಾರ್, ಬೇಸ್ ನುಡಿಸೋರು ಟ್ರ್ಯಾಂಪೊಲಿನ್ ಮೇಲೆ ಕುಣೀತಾರೆ.

ಒಪ್ಕೋತೀನಿ, ಗೆರೆ ಅಷ್ಟು ನೇರ ಇಲ್ಲ. ಡೆಡ್‌ನ ಫಿಲ್ ಲೆಶ್ ಕೂಡ ಲುಚಿಯಾನೊ ಬೆರಿಯೊ ಹತ್ರ ಪಾಠ ಕೇಳಿದವರು. ಫಿಶ್ ಶುರುವಿನಲ್ಲಿ ಡೆಡ್ ಹಾಡುಗಳನ್ನ ನುಡಿಸಿದ್ದೂ ಹೌದು. ಆದ್ರೆ 2015ರಲ್ಲಿ ಡೆಡ್‌ನ ಉಳಿದ ನಾಲ್ವರು ವಿದಾಯದ ಕಛೇರಿ ಮಾಡಿದಾಗ ಗಾರ್ಸಿಯಾ ಜಾಗದಲ್ಲಿ ಗಿಟಾರ್ ಹಿಡಿದವರು ಇದೇ ಟ್ರೇ. ಅದಕ್ಕೆ ತಿಂಗಳುಗಟ್ಟಲೆ ಕೂತು ಅಭ್ಯಾಸ ಮಾಡಿದ್ರು. ಕಾಪಿ ಆಗಿದ್ರೆ ಹೊಸದಾಗಿ ಕಲಿಯೋದು ಏನಿತ್ತು?

ನನ್ ಮನಸ್ಸು ಇವತ್ತಿಗೂ ಗಾರ್ಸಿಯಾ ಕಡೆಗೇ. ಅದು ರುಚಿ. ‘ಕಾಪಿ’ ಅನ್ನೋದು ಮಾತ್ರ ರುಚಿ ಅಲ್ಲ, ಕೇಳದೇ ಇರೋಕೆ ಒಂದು ನೆಪ.

ಹೋದ ಫೆಸ್ಟ್‌ನಲ್ಲಿ ಜೂನಿಯರ್ಸ್ ಬ್ಯಾಂಡ್‌ಗೆ ಎರಡನೇ ಹಾಡಿಗೇ "ಕಾಪೀ" ಅಂತ ಕೂಗಿದ್ವಲ್ಲ, ನೆನಪಿದ್ಯಾ? ನಾನೂ ಕೂಗಿದ್ದೆ. ಅವರು ಮತ್ತೆ ಸ್ಟೇಜ್ ಹತ್ತಿಲ್ಲ. ಈ ಸಲ ಹತ್ತಿದ್ರೆ ಮೂರನೇ ಹಾಡಿನವರೆಗಾದ್ರೂ ಸುಮ್ನೆ ಕೂತು ಕೇಳೋಣ್ವಾ?